ಶಾಸಕರ ಕೈಗೆ ಕೊಡುವ ಒಂದು ಹಾಳೆ

ಕೇಳುಗ ಬಂಧುಗಳೇ, ನಮಸ್ಕಾರ.

ಮಹಾರಾಷ್ಟ್ರ ವಿಧಾನಸಭೆಯ 288 ಸ್ಥಾನಗಳಲ್ಲಿ 36 ನಮ್ಮ ಮುಂಬೈಯವು. ನಲ್ಲಿಯಲ್ಲಿ ನೀರು ಬರದಿದ್ದರೂ, ಪಾಲಿಕೆಯ ಕನ್ನಡ ಶಾಲೆಗೆ ಶಿಕ್ಷಕರು ಸಾಲದಿದ್ದರೂ ನಾವು ಶಾಸಕರ ಕಚೇರಿಯ ಮೆಟ್ಟಿಲು ಹತ್ತುತ್ತೇವೆ. ಅವರು ಒಂದು ಫೋನು ಮಾಡಿಯಾರು, ಅಷ್ಟೇ. ಆ ಕೆಲಸ ಮಹಾನಗರ ಪಾಲಿಕೆಯದು. ಕೊಳೆಗೇರಿ ಪುನರ್ವಸತಿ, ಮ್ಹಾಡಾ (ರಾಜ್ಯದ ಗೃಹನಿರ್ಮಾಣ ಮಂಡಳಿ) ಕಟ್ಟಡ, ಪೊಲೀಸ್ ಠಾಣೆ ಇವೆಲ್ಲ ರಾಜ್ಯ ಸರ್ಕಾರದ ಪಾಲಿನವು. ಹೋಟೆಲ್ ನಡೆಸುವ ನಮ್ಮವರು ಇದನ್ನು ಹೀಗೆ ನೆನಪಿಡಬಹುದು: ಆರೋಗ್ಯ ಪರವಾನಗಿಗೆ ಪಾಲಿಕೆಯ ವಾರ್ಡ್ ಕಚೇರಿ, ಬಾರ್ ಪರವಾನಗಿಗೆ ರಾಜ್ಯದ ಅಬಕಾರಿ ಇಲಾಖೆ.

ಶಾಸಕರಾಗಲು 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರರ್ಧ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಪಾಲನ್ನು ದಾಟದಿದ್ದರೆ ಠೇವಣಿ ಹೋಯಿತು. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಸಕಾರಣವಿಲ್ಲದೆ ಕೊಡದವರನ್ನು ಚುನಾವಣಾ ಆಯೋಗ 3 ವರ್ಷ ಅನರ್ಹಗೊಳಿಸಬಹುದು. ಬಹಳ ಮಂದಿ ಪಾಲಿಕೆಯಿಂದಲೇ ಮೇಲೆ ಬರುತ್ತಾರೆ. ಗೋಪಾಲ ಶೆಟ್ಟಿಯವರು ನಗರಸೇವಕರಾಗಿದ್ದು (ಪಾಲಿಕೆಯ ಸದಸ್ಯರು), 2004ರಲ್ಲಿ ಬೋರಿವಲಿಯ ಶಾಸಕರಾದರು, 2014ರಲ್ಲಿ ಉತ್ತರ ಮುಂಬೈಯಿಂದ ಲೋಕಸಭೆಗೆ ಹೋದರು.

ಗೆದ್ದವರ ನಿಜವಾದ ಬಲ ಇರುವುದು ಪ್ರಶ್ನೆಯಲ್ಲಿ. ಮದುವೆ, ಉದ್ಘಾಟನೆಗಳಿಗೆ ಬಂದು ಹೋದದ್ದನ್ನು ಲೆಕ್ಕ ಹಾಕುವ ನಾವು, ಸದನದಲ್ಲಿ ಅವರು ಏನು ಕೇಳಿದರು ಎಂದು ವಿಚಾರಿಸುವುದೇ ಇಲ್ಲ. ಇದು ನಮ್ಮ ದೊಡ್ಡ ನಷ್ಟ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದುನಿಂತು ಉತ್ತರಿಸಬೇಕು, ಅದರ ಬೆನ್ನಿಗೇ ಉಪಪ್ರಶ್ನೆ ಕೇಳಬಹುದು. ಚುಕ್ಕೆಯಿಲ್ಲದ್ದಕ್ಕೆ ಉತ್ತರ ಬರವಣಿಗೆಯಲ್ಲಿ ಮಾತ್ರ. ತುರ್ತು ವಿಷಯಕ್ಕೆ ಗಮನ ಸೆಳೆಯುವ ಸೂಚನೆ ಇದೆ. ಇಲ್ಲಿಯವರು ಅದನ್ನು ‘ಲಕ್ಷವೇಧಿ’ ಎನ್ನುತ್ತಾರೆ.

ಆ ಪ್ರಶ್ನೆಗೆ ಸರಕು ಒದಗಿಸಬೇಕಾದವರು ನಾವು. ಒಂದೇ ಹಾಳೆ ಸಾಕು, ಮರಾಠಿಯಲ್ಲಿರಲಿ. ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ಕೆಲಸ ನಿಂತಿದೆ ಎಂದುಕೊಳ್ಳಿ: ಕಟ್ಟಡದ ಸಿಟಿಎಸ್ (ನಗರ ಭೂಮಾಪನ) ನಂಬರು, ಬಿಲ್ಡರನ ಜೊತೆಗಿನ ಒಪ್ಪಂದದ ದಿನಾಂಕ, ಅವನು ಕೊಡಬೇಕಾದ ಬಾಡಿಗೆ ನಿಂತ ತಿಂಗಳು, ಇಲಾಖೆಗೆ ಮೊದಲು ಬರೆದ ಅರ್ಜಿಯ ಸ್ವೀಕೃತಿ ಸಂಖ್ಯೆ ಇದ್ದರೆ ಅದಕ್ಕೆ ಬೆಲೆ. ‘ಬಿಲ್ಡರ್ ಮೋಸಗಾರ’ ಎಂದು ಬರೆದರೆ ಅದು ಆರೋಪವಾಗುತ್ತದೆ, ಪ್ರಶ್ನೆಯಾಗಿ ನಿಲ್ಲದು. ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯಕ್ಕೂ ತಡೆ ಬೀಳುತ್ತದೆ. ನಾಲ್ಕು ಅಹವಾಲು ಒಂದೇ ಹಾಳೆಗೆ ತುರುಕಿದರೆ ನಾಲ್ಕೂ ಕೆಡುತ್ತವೆ. ಹೆಚ್ಚಿನವರು ಎಡವುವುದು ಸಮಯದಲ್ಲಿ. ಅಧಿವೇಶನ ಶುರುವಾದ ಮೇಲೆ ಓಡಿದರೆ ಪ್ರಶ್ನೆಯ ಸೂಚನೆ ಸಲ್ಲಿಸುವ ಗಡುವು ಮುಗಿದಿರುತ್ತದೆ. ಬಜೆಟ್ ಮತ್ತು ಮಳೆಗಾಲದ ಅಧಿವೇಶನ ಇಲ್ಲೇ ನರಿಮನ್ ಪಾಯಿಂಟಿನ ವಿಧಾನ ಭವನದಲ್ಲಿ, ಚಳಿಗಾಲದ್ದು ಸಾಮಾನ್ಯವಾಗಿ ನಾಗಪುರದಲ್ಲಿ. ಎರಡು ತಿಂಗಳು ಮೊದಲೇ ಹಾಳೆ ಅವರ ಕೈಯಲ್ಲಿರಲಿ.

ಭಾಷೆಯ ಬಗ್ಗೆ ಒಂದು ಮಾತು. ಸಂವಿಧಾನದ 210ನೇ ವಿಧಿಯಂತೆ, ಸದನದ ಭಾಷೆಗಳಲ್ಲಿ ಸರಿಯಾಗಿ ಮಾತಾಡಲಾಗದ ಸದಸ್ಯರು ಸಭಾಧ್ಯಕ್ಷರ ಅನುಮತಿ ಪಡೆದು ತಾಯ್ನುಡಿಯಲ್ಲಿ ಮಾತಾಡಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರೂ ಇದನ್ನು ತಿಳಿದಿರಬೇಕು.

‘ಕ್ರಮ ಕೈಗೊಳ್ಳುತ್ತೇವೆ’ ಎಂದು ಮಂತ್ರಿ ಸದನದಲ್ಲಿ ಹೇಳಿದರೆ ಅದು ಆಶ್ವಾಸನೆ. ಅದು ಈಡೇರಿತೇ ಎಂದು ನೋಡಲು ಶಾಸಕರದೇ ಸಮಿತಿಯಿದೆ. ಪ್ರಶ್ನೆಯ ಸಂಖ್ಯೆ, ಉತ್ತರ ಬಂದ ದಿನಾಂಕ ಎರಡನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಅಧಿವೇಶನಕ್ಕೆ ಮೊದಲು ಆ ಚೀಟಿ ಹಿಡಿದು ಮತ್ತೆ ಶಾಸಕರ ಬಳಿಗೆ ಹೋಗಿ.