ಬರೆದದ್ದನ್ನು ಕೇಳುವ ದಿನ

ಮಾಟುಂಗಾದ ಈ ಸಭೆಯಲ್ಲಿ ಆಲಾಪನೆ ಕೇಳಿ ಬೆಳೆದ ಕಿವಿಗಳೇ ಹೆಚ್ಚು. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ. ಹಾಡುಗಾರನಿಗೆ ತನ್ನ ಸಂಚಾರ ಹಾಡಿದ ಕ್ಷಣವೇ ಕೇಳಿಸುತ್ತದೆ. ಹಿಡಿಸದಿದ್ದರೆ ಮುಂದಿನ ಉಸಿರಿನಲ್ಲಿ ತಿದ್ದಿಕೊಳ್ಳುತ್ತಾನೆ. ಸಿಂಫನಿ, ಅಂದರೆ ಪಾಶ್ಚಾತ್ಯ ಸಂಗೀತದಲ್ಲಿ ದೊಡ್ಡ ವಾದ್ಯವೃಂದಕ್ಕಾಗಿ ರಚಿಸುವ ಕೃತಿ, ಬರೆಯುವವನಿಗೆ ಆ ಭಾಗ್ಯವಿಲ್ಲ. ಪಿಟೀಲು, ಕೊಳಲು, ತುತ್ತೂರಿ, ತಮಟೆ ಎಲ್ಲವನ್ನೂ ಒಂದರ ಕೆಳಗೊಂದು ಸಾಲಾಗಿ ಕಾಗದದ ಮೇಲೆ ಬರೆಯಬೇಕು, ತಿಂಗಳುಗಟ್ಟಲೆ ಮನಸ್ಸಿನೊಳಗೇ ಕೇಳಿಕೊಳ್ಳಬೇಕು. ಬಿ ಫ್ಲ್ಯಾಟ್ ಕ್ಲಾರಿನೆಟ್ ಎಂಬ ಊದುವಾದ್ಯಕ್ಕೆ ‘ಸಿ’ ಎಂದು ಬರೆದರೆ ಹೊರಡುವ ನಾದವೇ ಬೇರೆ, ಅದಕ್ಕಿಂತ ಒಂದು ಸ್ವರ ಕೆಳಗೆ! ಇಂಥ ಲೆಕ್ಕಗಳನ್ನೆಲ್ಲ ದಾಟಿಯೇ ಭಾವ ಹುಟ್ಟಬೇಕು.

ರಷ್ಯದ ಸಂಗೀತ ರಚನಕಾರ ದ್ಮಿತ್ರಿ ಶೊಸ್ತಕೋವಿಚ್ ತನ್ನ ಮೊದಲ ಸಿಂಫನಿಯನ್ನು ಮುಗಿಸಿದ್ದು 1925ರಲ್ಲಿ, ಸಂಗೀತ ವಿದ್ಯಾಲಯದ ಪದವಿಗಾಗಿ. ಆಗ ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ತಂದೆ ತೀರಿಕೊಂಡಿದ್ದರು, ಮನೆ ನಡೆಸಲು ಹುಡುಗ ಮೂಕಿಚಿತ್ರಗಳಿಗೆ ಪಿಯಾನೋ ನುಡಿಸುತ್ತಿದ್ದ. ಆ ಪಿಯಾನೋ ಸಿಂಫನಿಯ ಎರಡನೆಯ ಭಾಗಕ್ಕೂ ನುಗ್ಗಿ ಬಂದಿದೆ. ಓಟವೆಲ್ಲ ಹಠಾತ್ತನೆ ನಿಂತಾಗ ಅದೊಂದೇ ಮೂರು ಸಲ ಗಟ್ಟಿಯಾಗಿ ಅಪ್ಪಳಿಸುತ್ತದೆ. ಕತ್ತಲೆಯ ಚಿತ್ರಮಂದಿರದಲ್ಲಿ ದಣಿದ ಬೆರಳುಗಳ ನೆನಪು ಅದು ಎಂದೇ ನಾನು ಕೇಳಿಸಿಕೊಳ್ಳುತ್ತೇನೆ.

1926ರ ಮೇ 12ರಂದು ಲೆನಿನ್‌ಗ್ರಾಡಿನಲ್ಲಿ ವಾದ್ಯವೃಂದದ ನಿರ್ದೇಶಕ ನಿಕೋಲಾಯ್ ಮಾಲ್ಕೋ ಅದನ್ನು ನುಡಿಸಿದರು. ಮರುವರ್ಷ ಇನ್ನೊಬ್ಬ ನಿರ್ದೇಶಕ ಬ್ರೂನೋ ವಾಲ್ಟರ್ ಬರ್ಲಿನ್ನಿಗೆ ಒಯ್ದರು. ಆ ಹುಡುಗನ ಪ್ರತಿಭೆಯನ್ನು ಎಲ್ಲರೂ ಹೊಗಳುತ್ತಾರೆ. ನಾನು ನೆನೆಯುವುದು ಅದನ್ನು ತಾಲೀಮು ಮಾಡಲು ಒಪ್ಪಿದ ಆ ವಾದ್ಯವೃಂದವನ್ನು.

ಬರೆದದ್ದನ್ನು ವೃಂದದಿಂದ ಕೇಳುವ ಇದೇ ಹಸಿವು ನಮ್ಮ ಮುಂಬಯಿಯಲ್ಲಿಯೂ ಇತ್ತು. ಗೋವೆಯ ಮಜೋರ್ಡಾದಿಂದ ಬಂದ ಆಂಟನಿ ಗೊನ್ಸಾಲ್ವಿಸ್ ಚಲನಚಿತ್ರ ಸಂಗೀತದಿಂದ ಬದುಕು ಕಟ್ಟಿಕೊಂಡವರು. ರಾಗಗಳನ್ನು ವಾದ್ಯವೃಂದಕ್ಕೆ ಒಗ್ಗಿಸುವುದು ಅವರ ಕನಸಾಗಿತ್ತು. ಸ್ಟುಡಿಯೋ ದೊರೆಗಳು ಕೇಳದಿದ್ದನ್ನು ನುಡಿಸಲು 1958ರಲ್ಲಿ ತಾವೇ ಒಂದು ವಾದ್ಯವೃಂದ ಕಟ್ಟಿದರು. ಲತಾ ಮಂಗೇಶ್ಕರ್, ಮನ್ನಾ ಡೇ ಅದರೊಡನೆ ಹಾಡಿದರು. ಮೈಸೂರಿನ ಜಯಚಾಮರಾಜ ಒಡೆಯರಂತೂ ದೂರದ ಲಂಡನ್ನಿನಲ್ಲಿದ್ದ ರಷ್ಯದ ಸಂಗೀತ ರಚನಕಾರ ನಿಕೋಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು, ಅಂದರೆ ಪಿಯಾನೋ ಮತ್ತು ವಾದ್ಯವೃಂದಕ್ಕೆ ಬರೆದ ಕೃತಿಯನ್ನು, ಒಡೆಯರಿಗೆ ಅರ್ಪಿಸಿದ್ದಾರೆ. ಕನ್ನಡಿಗರಾದ ನಾವು ಇದನ್ನು ಮಕ್ಕಳಿಗೆ ಹೇಳಬೇಕು.

ಇಂದು ನರಿಮನ್ ಪಾಯಿಂಟ್‌ನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದಲ್ಲಿ (ಎನ್‌ಸಿಪಿಎ) 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಇನ್ನೊಂದೆಡೆ, ಸಿಂಫನಿ ಬರೆಯುವ ಹುಡುಗ ಹುಡುಗಿಯರು ಮನೆಯ ಕಂಪ್ಯೂಟರಿನಲ್ಲಿ ಎಲ್ಲ ವಾದ್ಯಗಳ ಅನುಕರಣೆಯನ್ನು ಕೇಳಬಲ್ಲರು. ಅದು ಬಹಳ ಉಪಯುಕ್ತ, ನಿಜ. ಆದರೆ ಆ ಯಂತ್ರಕ್ಕೆ ಉಸಿರು ಸಾಲದೆ ಹೋಗುವುದಿಲ್ಲ, ಪಿಟೀಲಿನ ಕಮಾನು ಮುಗಿಯುವುದಿಲ್ಲ. ಓಬೋ ಎಂಬ ಊದುವಾದ್ಯ ನುಡಿಸುವವನು ಕತ್ತೆತ್ತಿ, ‘ಇಲ್ಲಿ ಉಸಿರು ತೆಗೆದುಕೊಳ್ಳಲು ಜಾಗ ಕೊಡಿ’ ಎಂದಾಗ ಸಿಗುವ ಪಾಠ ಅದರಲ್ಲಿ ಇಲ್ಲ. ಹೊಸಬರ ಹಸ್ತಪ್ರತಿಗೆ ವರ್ಷಕ್ಕೆ ಒಂದು ದಿನದ ತಾಲೀಮು ಸಿಗಲಿ. ಟಿಕೆಟ್ಟು, ಚಪ್ಪಾಳೆ ಬೇಡ. ಸಂಗೀತಕ್ಕೆ ಕೊಡುಗೆ ನೀಡುವ ಹಿರಿಯರು ಇಲ್ಲಿದ್ದೀರಿ, ನಿಮ್ಮನ್ನು ನಾನು ಕೇಳಿಕೊಳ್ಳುವುದು ಇಷ್ಟೇ.

ಈಗ ಶೊಸ್ತಕೋವಿಚ್‌ನ ಆ ಮೊದಲ ಸಿಂಫನಿಯ ನಾಲ್ಕನೆಯ ಭಾಗವನ್ನು ಹಾಕುತ್ತೇವೆ. ಇಡೀ ವೃಂದ ಮೊರೆದು ನಿಂತ ಮೇಲೆ ಟಿಂಪನಿ ಎಂಬ ದೊಡ್ಡ ನಗಾರಿ ಒಂಟಿಯಾಗಿ ಮೂರು ಸಲ ಮಾತನಾಡುತ್ತದೆ, ಪ್ರತಿ ಸಲವೂ ಇನ್ನಷ್ಟು ಮೆಲ್ಲಗೆ. ಅದರ ಬೆನ್ನಿಗೇ ಮಂದ್ರದ ದೊಡ್ಡ ಪಿಟೀಲಿನಂಥ ಚೆಲ್ಲೋ ಬರುತ್ತದೆ. ದಯವಿಟ್ಟು ಮೊಬೈಲ್‌ಗಳನ್ನು ಆರಿಸಿಬಿಡಿ.