ಮೇಜಿನ ಕೆಳಗಿನ ಗೃಹಸ್ಥ

ಕೇಳುಗರಿಗೆ ನಮಸ್ಕಾರ. ಹೊರಗೆ ಭಕ್ತಿಯ ವೇಷ ತೊಟ್ಟು ಒಳಗೊಳಗೇ ಗಂಟು ಹೊಡೆಯುವವನನ್ನು ನಾವು ಆಷಾಢಭೂತಿ ಎನ್ನುತ್ತೇವೆ. ಸಂನ್ಯಾಸಿಯೊಬ್ಬನಿಗೆ ಶಿಷ್ಯನಾಗಿ, ಅವನ ನಂಬಿಕೆ ಗಳಿಸಿ, ಕೊನೆಗೆ ಹಣ ಲಪಟಾಯಿಸಿದ ಪಂಚತಂತ್ರದ ಧೂರ್ತನ ಹೆಸರು ಅದು. ಫ್ರೆಂಚರ ಬಾಯಲ್ಲಿ ಇಂಥವನು ತಾರ್ತುಫ್. ಆ ಹೆಸರು ಮನೆಮಾತಾದದ್ದು ಮೋಲಿಯೇರನ ವಿನೋದ ನಾಟಕದಿಂದ. ಎ. ಎನ್. ಮೂರ್ತಿರಾಯರು ಅದನ್ನು ಕನ್ನಡಕ್ಕೆ ತಂದಾಗ 'ಆಷಾಢಭೂತಿ' ಎಂದೇ ಕರೆದರು. ಅದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗುತ್ತಿರಲಿಲ್ಲ. ಈ ನಾಟಕ ತನ್ನ ನಾಡಿನಲ್ಲೇ ರಂಗವೇರಲು ಪಟ್ಟ ಪಾಡನ್ನು ಇಂದು ಹೇಳಬೇಕೆಂದಿದ್ದೇನೆ.

ಕಥೆ ಸರಳ. ಪ್ಯಾರಿಸಿನ ಅನುಕೂಲಸ್ಥ ಗೃಹಸ್ಥ ಓರ್ಗೋನ್, ಚರ್ಚಿನಲ್ಲಿ ಕಂಡ ತಾರ್ತುಫ್ ಎಂಬವನನ್ನು ಮಹಾಭಕ್ತನೆಂದು ನಂಬಿ ಮನೆಯಲ್ಲಿಟ್ಟುಕೊಳ್ಳುತ್ತಾನೆ. ಅವನಿಗೆ ಮಗಳನ್ನು ಕೊಡಲು ಹೊರಡುತ್ತಾನೆ, ಆಸ್ತಿಯನ್ನೂ ಬರೆದುಕೊಡುತ್ತಾನೆ. ಅತಿಥಿಯ ಕಣ್ಣಾದರೋ ಮನೆಯೊಡತಿ ಎಲ್ಮೀರಳ ಮೇಲೆ.

ಹದಿನಾಲ್ಕನೆಯ ಲೂಯಿ ವರ್ಸೇಲ್ಸಿನಲ್ಲಿ ನಡೆಸಿದ ವೈಭವದ ಉತ್ಸವದಲ್ಲಿ, 1664ರ ಮೇ 12ರಂದು, ನಾಟಕ ಮೂರು ಅಂಕಗಳಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ದೊರೆ ನಕ್ಕನು, ಆದರೆ ಸಾರ್ವಜನಿಕರೆದುರು ಆಡಕೂಡದೆಂದು ಅಪ್ಪಣೆಯನ್ನೂ ಮಾಡಿದನು. ಇದನ್ನು ಬರೆದವನನ್ನು ಬೆಂಕಿಗೆ ಹಾಕಬೇಕೆಂದು ಪಾದ್ರಿಯೊಬ್ಬ ಹೊತ್ತಗೆಯನ್ನೇ ಅಚ್ಚು ಹಾಕಿಸಿದನು. ನಿಷೇಧವಾದ ಎಂಟು ದಿನಕ್ಕೆ ಅದೇ ಆಸ್ಥಾನದಲ್ಲಿ ಸ್ಕರಮೂಷ್ ಎಂಬ ಕೋಡಂಗಿ ಸಂನ್ಯಾಸಿಯಾಗುವ ಇನ್ನೊಂದು ಪ್ರಹಸನ ನಡೆಯಿತು. ಮೋಲಿಯೇರನ ನಾಟಕಕ್ಕೆ ಇಷ್ಟು ಕಿಡಿಕಾರುವವರು ಇದಕ್ಕೆ ಏಕೆ ಸುಮ್ಮನಿದ್ದಾರೆ ಎಂದು ದೊರೆ ಕೇಳಿದಾಗ, ಜೊತೆಗಿದ್ದ ರಾಜಕುಮಾರನೊಬ್ಬ ಕೊಟ್ಟ ಉತ್ತರವನ್ನು ಮೋಲಿಯೇರನೇ ತನ್ನ ಮುನ್ನುಡಿಯಲ್ಲಿ ದಾಖಲಿಸಿದ್ದಾನೆ: ಸ್ಕರಮೂಷ್ ಹಾಸ್ಯ ಮಾಡುವುದು ದೇವರನ್ನು ಮತ್ತು ಧರ್ಮವನ್ನು, ಅವುಗಳ ಗೊಡವೆ ಈ ಮಹನೀಯರಿಗೆ ಇಲ್ಲ, ಮೋಲಿಯೇರ್ ಹಾಸ್ಯ ಮಾಡಿದ್ದು ಅವರನ್ನೇ, ಅದನ್ನು ಅವರು ಸಹಿಸಲಾರರು.

ಮೂರು ವರ್ಷಗಳ ಬಳಿಕ ಮೋಲಿಯೇರ್ ಒಂದು ಉಪಾಯ ಹೂಡಿದನು. ನಾಟಕದ ಹೆಸರನ್ನು 'ಮೋಸಗಾರ' ಎಂದು, ನಾಯಕನ ಹೆಸರನ್ನು ಪಾನ್ಯುಲ್ಫ್ ಎಂದು ಬದಲಿಸಿದನು. ಅವನಿಗೆ ಪುಟ್ಟ ಟೊಪ್ಪಿಗೆ, ಉದ್ದ ಕೂದಲು, ದೊಡ್ಡ ಕಾಲರು, ಸೊಂಟಕ್ಕೆ ಕತ್ತಿ, ಉಡುಪಿನ ತುಂಬ ಲೇಸು, ಹೀಗೆ ಅಪ್ಪಟ ಲೌಕಿಕನ ವೇಷ ಹಾಕಿದನು. 1667ರ ಆಗಸ್ಟ್ 5ರಂದು ಪಾಲೇ ರೊಯಾಲ್ ರಂಗಮಂದಿರದಲ್ಲಿ ಒಂದು ಪ್ರಯೋಗವಾಯಿತು, ಮರುದಿನವೇ ತಡೆ ಬಿತ್ತು. ದೊರೆ ಆಗ ಊರಿನಲ್ಲಿರಲಿಲ್ಲ, ಫ್ಲಾಂಡರ್ಸಿನ ಯುದ್ಧದಲ್ಲಿದ್ದನು. ಕಂಪನಿಯ ಇಬ್ಬರು ನಟರು ಅರ್ಜಿ ಹಿಡಿದು ಲೀಲ್ ಪಟ್ಟಣದ ಮುತ್ತಿಗೆಯ ಪಾಳೆಯದವರೆಗೂ ಹೋದರು. ಅವರಲ್ಲೊಬ್ಬನಾದ ಲಾ ಗ್ರಾಂಜ್ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಆ ಪಯಣಕ್ಕೆ 1,000 ಲೀವ್ರ್ ಖರ್ಚಾಯಿತೆಂದೂ ಅಷ್ಟು ದಿನ ಕಂಪನಿ ಆಟವನ್ನೇ ಆಡಲಿಲ್ಲವೆಂದೂ ಬರೆದಿಟ್ಟಿದ್ದಾನೆ. ಇತ್ತ ಪ್ಯಾರಿಸಿನ ಆರ್ಚ್‌ಬಿಷಪ್, ಈ ನಾಟಕವನ್ನು ನೋಡಿದವರಿಗೂ ಓದಿದವರಿಗೂ ಕೇಳಿದವರಿಗೂ ಧರ್ಮಬಹಿಷ್ಕಾರವೆಂದು ಸಾರಿದನು. ಕಾರ್ಯಕ್ರಮ ಆಗಿನ ಪ್ಯಾರಿಸಿನದಾಗಿದ್ದರೆ ನಾವೆಲ್ಲ ಸಿಕ್ಕಿಬೀಳುತ್ತಿದ್ದೆವು.

ಕೊನೆಗೆ 1669ರ ಫೆಬ್ರವರಿ 5ರಂದು, ಹಳೆಯ ಹೆಸರಿನಲ್ಲೇ ಐದು ಅಂಕಗಳಲ್ಲಿ ಆಡಲು ಅಪ್ಪಣೆ ದೊರೆಯಿತು. ಅಂದಿನ ಗಲ್ಲಾಪೆಟ್ಟಿಗೆಗೆ ಬಿದ್ದದ್ದು 2,860 ಲೀವ್ರ್.

ಇಷ್ಟೆಲ್ಲ ರಂಪ ತಾರ್ತುಫನ ಸುತ್ತಲೇ ಆಯಿತಾದರೂ ಅವನು ರಂಗಕ್ಕೆ ಬರುವುದು ಮೂರನೆಯ ಅಂಕದಲ್ಲಿ. ಆ ಪಾತ್ರವನ್ನು ಮೋಲಿಯೇರ್ ದ್ಯು ಕ್ರ್ವಾಸಿ ಎಂಬ ನಟನಿಗೆ ಬಿಟ್ಟುಕೊಟ್ಟು ತಾನು ಉಳಿಸಿಕೊಂಡದ್ದು ಓರ್ಗೋನನ ಪಾತ್ರವನ್ನು. ಕಂಪನಿಯ ಯಜಮಾನ, ಕವಿ, ಮುಖ್ಯ ನಟ ಎಲ್ಲವೂ ಆಗಿದ್ದವನು ಮೋಸಹೋಗುವವನ ಪಾತ್ರವನ್ನು ಏಕೆ ಆರಿಸಿಕೊಂಡ ಎಂಬುದಕ್ಕೆ ನಾಲ್ಕನೆಯ ಅಂಕದ ಮೇಜಿನ ದೃಶ್ಯದಲ್ಲಿ ಉತ್ತರವಿದೆ. ಗಂಡನ ಕಣ್ಣು ತೆರೆಸಲು ಎಲ್ಮೀರ್ ಅವನನ್ನು ಬಟ್ಟೆ ಹಾಸಿದ ಮೇಜಿನ ಕೆಳಗೆ ಕೂರಿಸಿ, ತಾರ್ತುಫನನ್ನು ಕರೆಸಿ, ಒಲಿದವಳಂತೆ ನಟಿಸುತ್ತಾಳೆ. ಅವನು ಮೇಲೆ ಮೇಲೆ ಬೀಳುತ್ತಿದ್ದಂತೆ ಗಂಡನಿಗೆ ಸನ್ನೆಯಾಗಲೆಂದು ಕೆಮ್ಮುತ್ತಾಳೆ. ಮೇಜು ಅಲುಗಾಡುವುದಿಲ್ಲ. ಮತ್ತೆ ಕೆಮ್ಮುತ್ತಾಳೆ. ಕೆಮ್ಮಿಗೆ ಒಳ್ಳೆಯದೆಂದು ತಾರ್ತುಫ್ ಜ್ಯೇಷ್ಠಮಧುವಿನ ತುಂಡು ನೀಡುತ್ತಾನೆ! ನಿನ್ನ ಗಂಡ ಮೂಗು ಹಿಡಿದು ಎಳೆದೊಯ್ಯಬಹುದಾದ ಪ್ರಾಣಿ ಎಂದು ಅವನು ಆಡಿಕೊಂಡ ಮೇಲಷ್ಟೇ ಓರ್ಗೋನ್ ಹೊರಗೆ ಬರುತ್ತಾನೆ. ಹೆಂಡತಿಯ ಮಾನಕ್ಕಿಂತ ತನ್ನ ಮೂಗೇ ಅವನಿಗೆ ಹೆಚ್ಚಾಯಿತು. ಪ್ರೇಕ್ಷಕರ ನಗೆಯೆಲ್ಲ ಮೇಜಿನ ಕೆಳಗೆ ಕೂತವನಿಗೇ ಸಲ್ಲುತ್ತದೆ.

ಐದನೆಯ ಅಂಕದಲ್ಲಿ ದೊರೆಯ ಅಧಿಕಾರಿ ದಿಢೀರನೆ ಬಂದು ತಾರ್ತುಫನನ್ನು ಬಂಧಿಸಿ, ನಮ್ಮ ಪ್ರಭು ವಂಚನೆಯ ವೈರಿ ಎಂದು ಹೊಗಳುವುದನ್ನು ವಿಮರ್ಶಕರು ಬಲವಂತದ ಮುಕ್ತಾಯವೆಂದು ಹಳಿದಿದ್ದಾರೆ. ಬಲವಂತದ್ದೇ ಸರಿ. ಆದರೆ ಒಬ್ಬ ದೊರೆಯ ಒಂದು ಮಾತಿಗಾಗಿ ಐದು ವರ್ಷ ಕಾದ ಕಂಪನಿ ಆ ಋಣವನ್ನು ರಂಗದ ಮೇಲೆಯೇ ತೀರಿಸಿತೆಂದು ನನಗನ್ನಿಸುತ್ತದೆ.

ಮುಂದಿನ ಇತಿಹಾಸ ದೀರ್ಘವಾದದ್ದು. ಪ್ಯಾರಿಸಿನ ರಾಷ್ಟ್ರೀಯ ರಂಗಮಂದಿರವಾದ ಕೊಮೆದಿ ಫ್ರಾನ್ಸೇಸ್ ಒಂದರಲ್ಲೇ 3,000ಕ್ಕೂ ಹೆಚ್ಚು ಪ್ರದರ್ಶನಗಳಾಗಿವೆ. 1820ರ ದಶಕದಲ್ಲಿ ಪಾದ್ರಿಗಳ ಪ್ರಾಬಲ್ಯ ಮರಳಿದಾಗ ರೂಆನ್ ಮೊದಲಾದ ಊರುಗಳ ಪ್ರೇಕ್ಷಕರು ತಾರ್ತುಫ್ ಆಡಿ ಎಂದು ರಂಗಮಂದಿರಗಳಲ್ಲಿ ಗದ್ದಲವೆಬ್ಬಿಸಿದರು. ಮಾಸ್ಕೋದಲ್ಲಿ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ತನ್ನ ಕೊನೆಯ ದಿನಗಳಲ್ಲಿ ಕೆಲವೇ ನಟರೊಂದಿಗೆ ತಾಲೀಮು ನಡೆಸುತ್ತಿದ್ದದ್ದು ಇದೇ ನಾಟಕಕ್ಕೆ. 1938ರಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯ ಕೆದ್ರೋವ್ ಅದನ್ನು ಪೂರ್ತಿ ಮಾಡಿದನು. 1962ರಲ್ಲಿ ಫ್ರೆಂಚ್ ನಿರ್ದೇಶಕ ರೋಜೆ ಪ್ಲಾಂಶೋನ್ ಓರ್ಗೋನನಿಗೆ ಅತಿಥಿಯ ಮೇಲಿದ್ದ ಮೋಹವನ್ನೇ ಮುಂದಕ್ಕೆ ತಂದು, ಮೇಜಿನ ಕೆಳಗಿದ್ದವನನ್ನು ನಡುರಂಗದಲ್ಲಿ ನಿಲ್ಲಿಸಿದನು. 1995ರಲ್ಲಿ ಆರಿಯಾನ್ ನೂಷ್ಕೀನ್ ಅದನ್ನು ಮತಾಂಧತೆ ಹೊಕ್ಕ ಮುಸ್ಲಿಂ ಕುಟುಂಬವೊಂದರ ಅಂಗಳಕ್ಕೆ ಒಯ್ದರು.

2022ರ ಜನವರಿ 15, ಮೋಲಿಯೇರನ ದೀಕ್ಷಾಸ್ನಾನಕ್ಕೆ 400 ವರ್ಷ ತುಂಬಿದ ದಿನ. ಅಂದು ಕೊಮೆದಿ ಫ್ರಾನ್ಸೇಸಿನಲ್ಲಿ ಈವೋ ವಾನ್ ಹೋವೆ ರಂಗಕ್ಕೆ ತಂದದ್ದು, 1664ರ ಮೂರಂಕದ ನಾಟಕ ಹೀಗಿದ್ದಿರಬೇಕೆಂದು ವಿದ್ವಾಂಸ ಜಾರ್ಜ್ ಫೊರೆಸ್ತಿಯೇ ಮರುಜೋಡಿಸಿದ ಪಾಠವನ್ನು. ಎಲ್ಮೀರ್ ಇದ್ದಳು, ಮೇಜೂ ಇತ್ತು. ದೊರೆಯ ಅಧಿಕಾರಿಗೆ ಮಾತ್ರ ಅದರಲ್ಲಿ ಪ್ರವೇಶವಿರಲಿಲ್ಲ.