ಪಟ್ಟಿ ಯಾರ ಕೈಗೆ?

ಎಲ್ಲರಿಗೂ ನಮಸ್ಕಾರ. ಧಾರವಾಡದ ಈ ಜಿಟಿಜಿಟಿ ಮಳೆಯಲ್ಲೂ ಸಭಾಂಗಣ ತುಂಬಿದೆ. ಹುಬ್ಬಳ್ಳಿಯ ಕಾಳುಕಡಿ ವ್ಯಾಪಾರಸ್ಥರೂ ಬಂದಿದ್ದಾರೆ. ಸರ್ವಾಧಿಕಾರಿಗಳ ನಾಡಿನಲ್ಲಿ ಹೊರಗಿನವರ ವ್ಯಾಪಾರ, ಇದು ಇವತ್ತಿನ ವಿಷಯ. ಹಾಗಾಗಿ ಉದ್ದಿನಿಂದಲೇ ಶುರು ಮಾಡುತ್ತೇನೆ.

2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಸರ್ಕಾರ ಅಲ್ಲಿಂದ ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ತರಿಸುವ ಐದು ವರ್ಷದ ಒಪ್ಪಂದ ಪ್ರಕಟಿಸಿತು. ಬೆಳಿಗ್ಗೆ ಇಡ್ಲಿ ತಿಂದವರು ಕೈ ಎತ್ತಿ ಅನ್ನುವುದಿಲ್ಲ, ಸುಮ್ನೆ ಮುಜುಗರ!

ಹಾಗಾದರೆ ಸರ್ವಾಧಿಕಾರಿಗಳ ನಾಡಿನಲ್ಲಿ ಹೊರಗಿನವರು ವ್ಯಾಪಾರ ಮಾಡಲೇಬಾರದಾ? ಉದ್ದು ಬೆಳೆದವನು ರೈತ. ನಾವು ಕೊಳ್ಳದಿದ್ದರೆ ಮೊದಲು ಹೊಟ್ಟೆಗೆ ಪೆಟ್ಟು ಬೀಳುವುದು ಅವನಿಗೆ, ಸೇನಾಧಿಪತಿಗಲ್ಲ. ಅದಕ್ಕೇ ನಾನು ಕೇಳುವುದು ಬೇರೆ: ಅಲ್ಲಿ ವ್ಯಾಪಾರ ಮಾಡುವ ಕಂಪನಿಯಿಂದ ಜನರ ಪಟ್ಟಿ ಯಾರ ಕೈಗೆ ಹೋಗುತ್ತದೆ?

ನನ್ನ ವಿದ್ಯಾರ್ಥಿಗಳಿಗೆ ಬಾಯಿಪಾಠವಾದ ಕಥೆಯೊಂದಿದೆ. ನೀವೂ ಕೇಳಿಬಿಡಿ. 1970ನೇ ಇಸವಿ, ತೆಗೆದ ಕೂಡಲೇ ಫೋಟೋ ಕೈಗೆ ಕೊಡುವ ಕ್ಯಾಮೆರಾ ಮಾಡುತ್ತಿದ್ದ ಅಮೆರಿಕದ ಪೋಲರಾಯ್ಡ್ ಕಂಪನಿ. ಕ್ಯಾರೊಲಿನ್ ಹಂಟರ್ ಅಲ್ಲಿ ಕೆಮಿಸ್ಟ್, ಕೆನ್ ವಿಲಿಯಮ್ಸ್ ಫೋಟೋಗ್ರಾಫರ್. ಊಟಕ್ಕೆ ಹೊರಟವರ ಕಣ್ಣಿಗೆ ಬೋರ್ಡಿನ ಮೇಲಿದ್ದ ಗುರುತಿನ ಚೀಟಿಯ ಮಾದರಿ ಬಿತ್ತು. ಅದರಲ್ಲಿ ತಮ್ಮದೇ ಆಫೀಸಿನ ಕಪ್ಪು ಸಹೋದ್ಯೋಗಿಯ ಮುಖ. ಹೆಸರು ಮಾತ್ರ ದಕ್ಷಿಣ ಆಫ್ರಿಕದ ಗಣಿ ಇಲಾಖೆಯದು. ನಮ್ಮ ಕಂಪನಿಗೆ ಅಲ್ಲೇನು ಕೆಲಸ ಎಂದು ಕೆದಕಿದರು. ಅಲ್ಲಿ ಆಗ ಬಿಳಿಯರ ಸರ್ಕಾರ. ಕಪ್ಪು ಜನ ಪಾಸ್‌ಬುಕ್ ಎಂಬ ಗುರುತಿನ ಪುಸ್ತಕ ಇಲ್ಲದೆ ಓಡಾಡಿದರೆ ಜೈಲು. ಬ್ಯಾಂಕಿನ ಪಾಸ್‌ಬುಕ್ ಅಲ್ಲ ಮತ್ತೆ! ಆ ಪುಸ್ತಕಕ್ಕೆ ಫೋಟೋ ತೆಗೆಯಲು ಪೋಲರಾಯ್ಡ್ ಯಂತ್ರವೂ ಬಳಕೆಯಲ್ಲಿತ್ತು. 60 ಸೆಕೆಂಡಿನಲ್ಲಿ ಕಪ್ಪು ಜನರನ್ನು ಬಂಧಿಸುತ್ತದೆ ಪೋಲರಾಯ್ಡ್ ಎಂದು ಇಬ್ಬರೂ ಕರಪತ್ರ ಹಂಚಿದರು. ಹಂಟರ್ ಕೆಲಸ ಹೋಯಿತು. ಕಂಪನಿ 1971ರಲ್ಲಿ, ಸರ್ಕಾರಕ್ಕೆ ಮಾರುವುದಿಲ್ಲ, ಅಲ್ಲಿನ ಕಪ್ಪು ನೌಕರರ ಸಂಬಳ ಏರಿಸುತ್ತೇವೆ ಎಂದಿತು. ಒಳಗೇ ಇದ್ದು ಸುಧಾರಿಸುವ ಮಾತು, ಕೇಳಲು ಚೆನ್ನ. 1977ರಲ್ಲಿ ಬಯಲಾಗಿದ್ದೇನು? ಅಲ್ಲಿನ ವಿತರಕ ಗುಟ್ಟಾಗಿ ಸರ್ಕಾರಕ್ಕೇ ಮಾರುತ್ತಿದ್ದ. ಆಗ ಕಂಪನಿ ಗಂಟುಮೂಟೆ ಕಟ್ಟಿತು.

ಇಂಟರ್ನೆಟ್ ಕಂಪನಿ ಯಾಹೂ ಕಥೆಯೂ ಇದೇ ಜಾತಿಯದು. ಇಮೇಲ್ ಯಾರದೆಂದು ಚೀನಾ ಕೇಳಿತು, ಕೊಟ್ಟರು. ಆ ಇಮೇಲ್ ಕಳಿಸಿದ್ದ ಪತ್ರಕರ್ತ ಶಿ ತಾವೋಗೆ 2005ರಲ್ಲಿ 10 ವರ್ಷ ಶಿಕ್ಷೆ. ಮತ್ತೆ ಅದೇ ಪಟ್ಟಿ, ಅದೇ ಕೈ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಓದುವುದು ಬೇಡ, ಗೊತ್ತಾಯಿತು. ಗೂಗಲ್ ವಿಷಯ ಬಿಡುತ್ತೇನೆ.

ಹೊರಡುವುದೂ ಸುಲಭವಲ್ಲ ಎನ್ನುವುದನ್ನು ಮಾತ್ರ ಹೇಳಲೇಬೇಕು. ನಾರ್ವೆಯ ಫೋನ್ ಕಂಪನಿ ಟೆಲಿನಾರ್‌ಗೆ ಮ್ಯಾನ್ಮಾರ್‌ನಲ್ಲಿ ಸುಮಾರು 1.8 ಕೋಟಿ ಗ್ರಾಹಕರಿದ್ದರು. ಫೋನ್ ಕದ್ದು ಕೇಳುವ ಉಪಕರಣ ಹಾಕಿ ಎಂದು ಸೇನೆ ಒತ್ತಾಯ ಮಾಡಿತು. ಒಲ್ಲೆ ಎಂದು 2022ರಲ್ಲಿ ಮಾರಿ ಹೊರಬಂದರು. ಯಾರು ಯಾರಿಗೆ ಫೋನ್ ಮಾಡಿದರು ಎನ್ನುವ ದಾಖಲೆಯೂ ಕಂಪನಿಯ ಜೊತೆಗೇ ಹೋಯಿತು! ಕೈ ತೊಳೆದುಕೊಂಡವರು ಪಟ್ಟಿಯನ್ನು ಮೇಜಿನ ಮೇಲೇ ಬಿಟ್ಟರು.

ದಕ್ಷಿಣ ಆಫ್ರಿಕದ ಜೊತೆ ವ್ಯಾಪಾರವನ್ನು 1946ರಲ್ಲೇ ನಿಲ್ಲಿಸಿದವರು ನಾವಲ್ವಾ ಎಂದು ನೀವು ಕೇಳಬಹುದು. ಹೌದು. ಮುಂದೆ ಅಲ್ಲಿನ ಹೋರಾಟಗಾರರೇ ಬಹಿಷ್ಕಾರ ಬೇಡಿದರು. ಅವರು ಕೇಳಿದಾಗ ಮಾಡುವುದಕ್ಕೂ, ನಾವು ಇಲ್ಲಿ ಕೂತು ಅವರ ಪರವಾಗಿ ತೀರ್ಮಾನ ಮಾಡುವುದಕ್ಕೂ ಫರಕ್ ಜಾಸ್ತಿ.

ಇನ್ನು ಮ್ಯಾನ್ಮಾರ್‌ನ ಸಮುದ್ರದಲ್ಲಿರುವ ಶ್ವೇ ಗ್ಯಾಸ್ ನಿಕ್ಷೇಪ. ಅದರಲ್ಲಿ ನಮ್ಮ ಸರ್ಕಾರಿ ಕಂಪನಿಗಳಾದ ಒಎನ್‌ಜಿಸಿ ವಿದೇಶ್, ಗೇಲ್ ಎರಡಕ್ಕೂ ಪಾಲಿದೆ. ಉದ್ದಿನ ದುಡ್ಡು ಒಂದಿಷ್ಟಾದರೂ ರೈತನಿಗೆ ಮುಟ್ಟುತ್ತದೆ. ಗ್ಯಾಸಿನದು ಸೇನೆಯ ಹಿಡಿತದ ಖಜಾನೆಗೆ. ಇದನ್ನು ಬಿಡಿಸಿ ಹೇಳಲು ಇನ್ನೊಂದು ತಾಸು ಬೇಕು, ಅಧ್ಯಕ್ಷರು ಕೊಡುವುದಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ಕೇಳಿ ಸರ್, ಮೈಕ್ ಅವರಿಗೆ ಕೊಡಿ.